ಹನ್ನೊಂದು ಕೂಸುಗಳ ಪಾಲು

ಕಂಬಾಗ್ಲದ ದಿಣ್ಣೆಯ ಮೇಲೆ ಎಲ್ಲಿ ಹಂದಿ ಕಡಿದರೂ ಪಾಲು ಹಂಚುವವನು ಕೌಪಾ. ಮದುವೆಯಾಗಲಿ, ಸಾವಿನ ಊಟವಾಗಲಿ, ಎರಡು ಕುಲಗಳ ನಡುವಿನ ರಾಜಿಯಾಗಲಿ, ಮೂಮೂ ಎಂಬ ನೆಲದೊಲೆಯ ಗುಂಡಿಯ ಕಾದ ಕಲ್ಲುಗಳ ಮೇಲಿಂದ ಬಾಳೆಎಲೆ ಸರಿಸಿ, ಬೆಂದ ಮಾಂಸದ ಹಬೆ ಮುಖಕ್ಕೆ ಬಡಿಯುವ ಹೊತ್ತಿಗೆ ಜನ ಅವನನ್ನು ಹುಡುಕುತ್ತಿದ್ದರು. ಹುಡುಕಲೇಬೇಕಿತ್ತು, ಆಳು ಅಷ್ಟು ಕುಳ್ಳ. ಗುಂಪಿನ ನಡುವೆ ನಿಂತರೆ ತಲೆಯೇ ಕಾಣದು. ಅದಕ್ಕೇ ಯಾರಾದರೂ ಒಂದು ಮರದ ಕೊರಡನ್ನು ಉರುಳಿಸಿಕೊಂಡು ಬರುತ್ತಿದ್ದರು. ಕೌಪಾ ಅದರ ಮೇಲೆ ಹತ್ತಿ ನಿಂತು, ಒಂದೊಂದೇ ತುಂಡನ್ನು ಎತ್ತಿ ಹಿಡಿದು, ಅದು ಯಾರಿಗೆ ಸೇರಬೇಕೋ ಅವರ ಹೆಸರನ್ನು ಎದುರುಗಡೆಯ ಗುಡ್ಡಕ್ಕೆ ಕೇಳಿಸುವ ಹಾಗೆ ಕೂಗುತ್ತಿದ್ದ.

ಹೆಸರು ಕೂಗುವುದು ಸುಲಭದ ಕೆಲಸವಲ್ಲ. ಯಾರ ಹೆಸರು ಮೊದಲು, ಯಾರದು ಆಮೇಲೆ, ಹಿಂಗಾಲು ಯಾರಿಗೆ, ಪಕ್ಕೆ ಯಾರಿಗೆ ಎನ್ನುವುದರಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಕೊಡಲಿಗಳು ಮೇಲೇಳುತ್ತವೆ. ಇಪ್ಪತ್ತೆಂಟು ವರ್ಷ ಹಂಚಿದರೂ ಕೌಪಾನ ಕೈಯಿಂದ ಒಂದು ಜಗಳವೂ ಹುಟ್ಟಿರಲಿಲ್ಲ. ಕುಳ್ಳ ಎಂದು ಆಡಿಕೊಳ್ಳುವವರೂ ಪಾಲಿನ ಮಾತು ಬಂದಾಗ ಬಾಯಿ ಮುಚ್ಚುತ್ತಿದ್ದರು.

ಆದರೆ ಅವನ ಪಾಲಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಹಾಲುಹಲ್ಲು ಬೀಳದ ಮಕ್ಕಳಿಗೆ ಒಂದು ಚೂರೂ ಮಾಂಸವಿಲ್ಲ. ಅದಕ್ಕೆ ಕಾರಣ ಅವನ ತಮ್ಮ ಗಾಂಡೆ.

ಕೌಪಾನಿಗೆ ಏಳೆಂಟು ವರ್ಷವಿದ್ದಾಗ ಊರಲ್ಲಿ ದೊಡ್ಡ ಹಂದಿಯೂಟ ನಡೆದಿತ್ತು. ನಾಲ್ಕು ವರ್ಷದ ಗಾಂಡೆಗೆ ಅಪ್ಪ ಪ್ರೀತಿಯಿಂದ ಕೈತುಂಬ ಕೊಟ್ಟಿದ್ದ. ಮರುದಿನವೂ ಕೊಟ್ಟ, ಅದರ ಮರುದಿನ ಉಳಿದದ್ದನ್ನೂ ಕೊಟ್ಟ. ನಾಲ್ಕನೆಯ ದಿನ ಮಗುವಿನ ಹೊಟ್ಟೆ ಕುಂಬಳಕಾಯಿಯ ಹಾಗೆ ಊದಿತು. ಅಮ್ಮ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಮಿಷನ್ ಆಸ್ಪತ್ರೆಯ ಕಡೆ ಓಡಿದಳು. ಅರ್ಧ ದಾರಿಯಲ್ಲಿ ಬೆನ್ನ ಮೇಲಿನ ಭಾರ ಬದಲಾಯಿತಂತೆ. ಅಮ್ಮ ಹಾಗೇ ಹೇಳುತ್ತಿದ್ದಳು, ‘ಭಾರ ಬದಲಾಯ್ತು’ ಎಂದು, ಸತ್ತ ಎಂಬ ಮಾತು ಆಡಲಿಲ್ಲ. ಹಂದಿಹೊಟ್ಟೆ ಎಂದು ಆ ಬೇನೆಗೆ ಹೆಸರು. ಆ ಬೆಟ್ಟಗಳಲ್ಲಿ ಆಗ ಒಂದೊಂದು ದೊಡ್ಡ ಊಟಕ್ಕೂ ಒಂದೆರಡು ಮಕ್ಕಳು ಹಾಗೆ ಹೋಗುತ್ತಿದ್ದವು.

ಹಂಚುವ ಕೈ ತನ್ನದಾದ ದಿನದಿಂದ ಕೌಪಾ ಎಳೆಮಕ್ಕಳ ಹೆಸರು ಕೂಗಲಿಲ್ಲ. ತಾಯಂದಿರು ಸುಮ್ಮನಿದ್ದರು. ಹಿರಿಯರಿಗಂತೂ ಸಂತೋಷವೇ ಆಯಿತು, ಅವರ ಎಲೆಗೆ ಇನ್ನಷ್ಟು ಬಿತ್ತು. ಮನೆಯಲ್ಲೂ ಅದೇ ನಿಯಮ. ಅವನ ಮಗ ಮತ್ತಿಯಾಸ್ ಗೆಣಸು ತಿಂದೇ ಬೆಳೆದ. ಮತ್ತಿಯಾಸನ ಹೆಂಡತಿ ಕ್ಲೊಟಿಲ್ಡಾ ಹೆತ್ತ ಹೆಣ್ಣುಮಗು ಜೋಯ್ಲಿನ್ ಕೂಡ ಹಲ್ಲು ಬರುವ ಮುಂಚಿನಿಂದ ಬೆಳಿಗ್ಗೆ ಗೆಣಸು, ಮಧ್ಯಾಹ್ನ ತಣ್ಣನೆಯ ಗೆಣಸು, ಸಂಜೆ ಬಿಸಿ ಗೆಣಸು ತಿನ್ನುತ್ತಿತ್ತು.

ಜೋಯ್ಲಿನ್‌ಗೆ ಒಂದೂವರೆ ವರ್ಷ ದಾಟಿತು. ಅವಳ ವಾರಿಗೆಯ ಮಕ್ಕಳು ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದವು. ಇವಳು ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತಿದ್ದಳು. ಮುಖ ಮಾತ್ರ ಮುದ್ದು, ಕೈಕಾಲು ಒಂದು ವರ್ಷದ ಕೂಸಿನವು. ನೋಡಿದವರೆಲ್ಲ ‘ತಾತನ ಅಚ್ಚು’ ಎಂದು ನಗುತ್ತಿದ್ದರು. ಕೌಪಾ ಹಿಗ್ಗುತ್ತಿದ್ದ. ಆ ಊರಲ್ಲಿ ತಾತ ಮೊಮ್ಮಗಳನ್ನು, ಮೊಮ್ಮಗಳು ತಾತನನ್ನು ಕರೆಯುವುದು ಒಂದೇ ಹೆಸರಿನಿಂದ, ಬೂಬೂ ಎಂದು.

“ನೋಡ್ರೋ, ನನ್ನ ಬೂಬೂ,” ಎಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗುತ್ತಿದ್ದ. “ಕೊರಡಿನ ಮೇಲೆ ನಿಲ್ಲೋಕೆ ನಾನಾದ್ಮೇಲೆ ಇವಳೇ.”

ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದ ನರ್ಸ್ ಹೆನ್ರಿಕಾ ದಿಣ್ಣೆ ಹತ್ತಿ ಬರುತ್ತಿದ್ದಳು. ಸಮುದ್ರದ ನಡುವಿನ ಮಾನುಸ್ ದ್ವೀಪದವಳು. ಬೆಟ್ಟದ ಕೆಸರಿನಲ್ಲಿ ಜಾರಿ ಬೀಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಚರ್ಚಿನ ಜಗಲಿಯಲ್ಲಿ ತಕ್ಕಡಿ ತೂಗುಹಾಕಿ, ಉದ್ದದ ಅಳತೆಹಲಗೆ ಹಾಸಿ, ಮಕ್ಕಳನ್ನು ಒಂದೊಂದಾಗಿ ಮಲಗಿಸಿ ಅಳೆಯುತ್ತಿದ್ದಳು. ಆ ತಿಂಗಳು ಜೋಯ್ಲಿನ್‌ಳ ಕಾಲು ಒತ್ತಿಹಿಡಿದು ಅಳತೆ ನೋಡಿದವಳು, ಇನ್ನೊಮ್ಮೆ ಅಳೆದಳು. ಆಮೇಲೆ ಕೂಸಿನ ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟು ಕ್ಲೊಟಿಲ್ಡಾಳಿಗೆ ತೋರಿಸಿದಳು. ಚುಕ್ಕೆ ಎಲ್ಲ ಗೆರೆಗಳಿಗಿಂತ ಕೆಳಗೆ ಬಿದ್ದಿತ್ತು.

“ಏನು ತಿನ್ನಿಸ್ತಿದ್ದೀಯಮ್ಮ?”

“ಗೆಣಸು.”

“ಗೆಣಸಿನ ಜೊತೆಗೆ?”

ಕ್ಲೊಟಿಲ್ಡಾ ಯೋಚಿಸಿ, “ಗೆಣಸು ಬೇಯ್ಸಿದ ನೀರು,” ಎಂದಳು.

ಸೊಪ್ಪು ದೊಡ್ಡವರ ತಟ್ಟೆಗೆ. ಮೊಟ್ಟೆ ಕಾವಿಗೆ. ಮಾಂಸ ಮಾವನ ನಿಯಮ. ಮಧ್ಯಾಹ್ನ ಮಗು ಯಾರ ಹತ್ತಿರ? ಮಾವನ ಹತ್ತಿರವೇ. ಅತ್ತೆ ಬಿಬಿಯಾನಾ ಮತ್ತು ನಾನು ಕಡಿದಾದ ತೋಟದಲ್ಲಿ ಗೆಣಸು ಅಗೆಯುತ್ತಿರುತ್ತೇವೆ. ಕ್ಲೊಟಿಲ್ಡಾ ಇಷ್ಟನ್ನು ಹೇಳಿ ಅಳಲು ಶುರುಮಾಡಿದಳು. ಹೆನ್ರಿಕಾ ಅವಳನ್ನು ಬೈಯಲಿಲ್ಲ. ಜಗಲಿಯ ಕೆಲಸ ಮುಗಿದ ಮೇಲೆ, “ನಡಿ, ನಿಮ್ಮ ಮಾವನ್ನ ನೋಡಬೇಕು,” ಎಂದಳು.

ಕೌಪಾ ಮನೆಯ ಮುಂದೆ ಬೇಲಿಗೆ ಗೂಟ ಚೂಪು ಮಾಡುತ್ತ ಕೂತಿದ್ದ. ಹೆನ್ರಿಕಾ ಅಂಗಳ ತಲುಪುವ ಮೊದಲು ಒಮ್ಮೆ ಜಾರಿ ಬಿದ್ದು ಎದ್ದಳು. ಅವನು ನಗಬಾರದೆಂದು ತಡೆದುಕೊಂಡು ಗೂಟವೊಂದನ್ನು ಊರುಗೋಲಿಗೆಂದು ಚಾಚಿದ.

“ಅಪ್ಪಾ, ನಿಮ್ಮ ಮೊಮ್ಮಗಳು ಬೆಳೀತಾ ಇಲ್ಲ,” ಎಂದಳು ಅವಳು, ಸುತ್ತಿಬಳಸದೆ.

“ಬೆಳೀತಾಳಲ್ಲ. ನನ್ನಷ್ಟು ಬೆಳೀತಾಳೆ. ನಮ್ಮ ರಕ್ತಾನೇ ಹಂಗೆ ಸಿಸ್ಟರ್.”

“ಬರೀ ರಕ್ತ ಅಲ್ಲ. ಊಟ. ಇದು ಉದ್ದಕ್ಕೆ ಮಾತ್ರ ಸಂಬಂಧಪಟ್ಟಿದ್ದಲ್ಲ. ತಲೆಯೊಳಗಿನ ಬೆಳವಣಿಗೆ ಕೂಡ ಇದೇ ಎರಡು ವರ್ಷದಲ್ಲಿ ಆಗೋದು.”

ಕೌಪಾನ ಕೈಯ ಕತ್ತಿ ನಿಂತಿತು. “ಅಂದ್ರೆ ನಾನು ಕುಳ್ಳ ಇರೋದು ಕಾಯಿಲೆ ಅಂತೀರಾ? ನನ್ನ ತಲೆ ಬೆಳೆದಿಲ್ಲ ಅಂತೀರಾ? ನೂರು ಮನೆ ಪಾಲು ನೆನಪಿಟ್ಟಿದ್ದೀನಿ ನಾನು. ನಿಮ್ಮ ಆಸ್ಪತ್ರೇಲಿ ಯಾರಿಗಿದೆ ಅಂಥ ತಲೆ?”

“ಯಾರಿಗೂ ಇಲ್ಲ,” ಎಂದಳು ಹೆನ್ರಿಕಾ ಒಪ್ಪಿಕೊಂಡು. ಆಮೇಲೆ, “ನಿಮಗೆ ಅಕ್ಕ ತಂಗಿ ಅಣ್ಣ ತಮ್ಮ ಯಾರೂ ಇಲ್ವಾ?” ಎಂದು ಕೇಳಿದಳು.

ಹಾಗೆ ಮಾತು ಗಾಂಡೆಯ ಕಡೆ ಹೊರಳಿತು. ಕೌಪಾ ಆ ಕತೆಯನ್ನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಹೆನ್ರಿಕಾ ಕೆಸರು ಮೆತ್ತಿದ ಲಂಗದಲ್ಲೇ ನೆಲದ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡಳು.

“ನಿಮ್ಮ ತಮ್ಮನ್ನ ಕೊಂದಿದ್ದು ಮಾಂಸ ಅಲ್ಲ ಅಪ್ಪಾ,” ಎಂದಳು ಕೊನೆಗೆ. “ವರ್ಷವೆಲ್ಲ ಬರೀ ಗೆಣಸು ತಿಂದ ಹೊಟ್ಟೆ ಅದು. ಅದಕ್ಕೆ ಮಾಂಸ ಅರಗಿಸೋ ಅಭ್ಯಾಸವೇ ಇರ್ಲಿಲ್ಲ. ಒಂದೇ ಸಲ ಅಷ್ಟು ತುರುಕಿದ್ರು, ಅದೂ ಮೂರು ದಿನ ಹಳಸಿದ್ದು. ದಿನಾ ಒಂದು ಮೊಟ್ಟೆ, ಹುರಳಿಕಾಯಿ, ಕಡಲೆಕಾಯಿ, ಆಗಾಗ ಆಗಷ್ಟೇ ಚೆನ್ನಾಗಿ ಬೇಯಿಸಿದ ಒಂದು ಚೂರು ಮಾಂಸ ಸಿಕ್ಕಿದ್ರೆ ಆ ಹೊಟ್ಟೆ ಗಟ್ಟಿ ಇರ್ತಿತ್ತು. ನೀವು ಇಷ್ಟು ವರ್ಷ ಪಾಲು ಹಂಚಿದ್ದೀರಿ. ಇಡೀ ಹಂದೀನ ಒಬ್ಬನಿಗೇ ಕೊಡ್ತೀರಾ?”

“ಅದೆಂಥ ಹಂಚಿಕೆ! ತಲೆ ಉರುಳ್ತವೆ.”

“ಮಗುವಿನ ಹೊಟ್ಟೆಗೂ ಹಂಗೇ. ವರ್ಷದ ಎಲ್ಲಾ ದಿನಕ್ಕೂ ಪಾಲು ಸಿಗಬೇಕು. ಒಂದೇ ದಿನಕ್ಕೆ ಎಲ್ಲಾ ಕೊಟ್ರೆ ಜಗಳ ಆಗುತ್ತೆ.”

ಕೌಪಾ ಕತ್ತಿಯನ್ನು ನೆಲಕ್ಕಿಟ್ಟ. ಜನರ ನಡುವೆ ಹಂಚುವುದನ್ನು ಅವನು ಬಲ್ಲ. ದಿನಗಳ ನಡುವೆ ಹಂಚುವುದು ಅವನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

“ಒಬ್ಬ ತಂಗೀನೂ ಇದ್ದಾಳೆ, ಆಗಾತಾ ಅಂತ,” ಎಂದ. “ಗಾಂಡೆ ಹೋದ ಮೇಲೆ ಹುಟ್ಟಿದ್ಲು. ಅಮ್ಮ ಹಾಸಿಗೆ ಹಿಡಿದ್ಲು, ಹಾಲು ಬತ್ತಿ ಹೋಯ್ತು. ಚಿಕ್ಕಮ್ಮ ಮಿಷನ್‌ನಲ್ಲಿ ಪಾದ್ರಿಗಳಿಗೆ ಅಡುಗೆ ಮಾಡ್ತಿದ್ಲು, ಎತ್ಕೊಂಡು ಹೋಗಿ ಸಾಕಿದ್ಲು.”

“ಎಷ್ಟು ಎತ್ತರ ಇದ್ದಾರೆ?”

ಕೌಪಾ ತನ್ನ ನೆತ್ತಿಯ ಮೇಲೊಮ್ಮೆ ಕೈಯಾಡಿಸಿದ.

ಮರುದಿನ ಬೆಳಿಗ್ಗೆ ಅವನು ಯಾರಿಗೂ ಹೇಳದೆ ಹೊರಟ. ಆಗಾತಾಳನ್ನು ಹೊಳೆಯ ಕೆಳಗಿನ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಅರ್ಧ ದಿನದ ನಡಿಗೆ. ತಲುಪಿದಾಗ ಅವಳು ಅಂಗಳದಲ್ಲಿ ಕಾಫಿಬೀಜ ಒಣಹಾಕುತ್ತಿದ್ದಳು.

“ಏಳು, ಎದ್ದು ನಿಲ್ಲು,” ಎಂದ ಕೌಪಾ.

“ಎರಡು ವರ್ಷ ಆದ್ಮೇಲೆ ಬಂದಿದ್ದೀಯ. ಚೆನ್ನಾಗಿದ್ದೀಯಾ ಅಂತ ಕೇಳೋದು ಬಿಟ್ಟು ಎದ್ದು ನಿಲ್ಲು ಅಂತೀಯಲ್ಲ. ಏನಾಯ್ತೋ ಅಣ್ಣಾ ನಿಂಗೆ?”

“ನಿಲ್ಲೇ ಅಂದ್ರೆ.”

ಆಗಾತಾ ಎದ್ದು ನಿಂತಳು. ಕೌಪಾ ಅವಳ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ತನ್ನ ನೆತ್ತಿಯ ಮೇಲಿಂದ ಅಂಗೈ ಹಿಂದಕ್ಕೆ ಸರಿಸಿದ. ಅದು ಹೋಗಿ ತಂಗಿಯ ಹೆಗಲ ಮೂಳೆಗೆ ತಾಗಿತು. ಬಾಗಿಲಲ್ಲಿ ನಿಂತಿದ್ದ ಅವಳ ಸೊಸೆ ಬಿದ್ದು ಬಿದ್ದು ನಕ್ಕಳು. ಕೌಪಾ ನಗಲಿಲ್ಲ. ಒಂದೇ ಅಪ್ಪ, ಒಂದೇ ಅಮ್ಮ. ಅರವತ್ತರ ಹತ್ತಿರ ಬಂದರೂ ಇದನ್ನು ತಾನು ಕಣ್ಣಾರೆ ನೋಡುತ್ತಲೇ ಇದ್ದು, ಒಮ್ಮೆಯೂ ನೋಡಿರಲಿಲ್ಲವಲ್ಲ ಅನ್ನಿಸಿತು.

“ಚಿಕ್ಕಂದಿನಲ್ಲಿ ಏನು ತಿಂತಿದ್ದೆ ಅಲ್ಲಿ?”

“ಪಾದ್ರಿಗಳಿಗೆ ಮಾಡಿದ್ದರಲ್ಲಿ ಚಿಕ್ಕಮ್ಮ ನಂಗೂ ಎತ್ತಿಡ್ತಿದ್ಲು. ಮೊಟ್ಟೆ. ಹುರಳಿಕಾಯಿ. ಡಬ್ಬದ ಮೀನು. ಕುಂಬಳದ ಕುಡಿ ಹಾಕಿ ಮುದ್ದೆ ಮಾಡಿ ತಿನ್ನಿಸ್ತಿದ್ಲು.” ಆಗಾತಾಳ ದನಿ ಮೆತ್ತಗಾಯಿತು. “ನಂಗೆ ಮಾತ್ರ ನಿಮ್ಮ ಜೊತೆ ಒಲೆ ಮುಂದೆ ಕೂತು ಗೆಣಸು ತಿನ್ನೋ ಆಸೆ. ನನ್ನ ಯಾಕೆ ಕೊಟ್ಬಿಟ್ರು ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?”

“ನಾನು ನಿನ್ನ ನೋಡಿ ಹೊಟ್ಟೆ ಉರ್ಕೋತಿದ್ದೆ,” ಎಂದ ಕೌಪಾ.

ಅಣ್ಣ ತಂಗಿ ಅಷ್ಟು ವರ್ಷದಲ್ಲಿ ಆಡದ ಮಾತುಗಳನ್ನು ಆ ಮಧ್ಯಾಹ್ನ ಆಡಿದರು. ವಾಪಸು ಹೊರಟಾಗ ಆಗಾತಾ ಮೊಟ್ಟೆಯಿಡುವ ಎರಡು ಕೋಳಿಗಳ ಕಾಲು ಕಟ್ಟಿ ಅವನ ಹೆಣಿಗೆ ಚೀಲಕ್ಕೆ ಹಾಕಿದಳು.

ಮನೆಗೆ ಬಂದವನು ಚೀಲ ಇಳಿಸಿ ಸೊಸೆಯನ್ನು ಕರೆದ. “ಮಗಾ, ಆ ಸಿಸ್ಟರ್ ಏನೇನು ಹೇಳಿದ್ರೋ ಎಲ್ಲಾ ಹೇಳು. ಒಂದೂ ಬಿಡಬೇಡ.”

ಅಂದಿನಿಂದ ಆ ಮನೆಯ ರೀತಿ ಬದಲಾಯಿತು. ಜೋಯ್ಲಿನ್‌ಗೆ ಬೇರೆ ತಟ್ಟೆ ಬಂತು. ಗೆಣಸಿನ ಜೊತೆ ಬೇಯಿಸಿದ ಮೊಟ್ಟೆ ಅಥವಾ ಕುಟ್ಟಿದ ಕಡಲೆಕಾಯಿ, ಸಣ್ಣಗೆ ಹಿಚುಕಿದ ಕುಂಬಳದ ಕುಡಿ, ಒಂದು ಹೋಳು ಪರಂಗಿ ಹಣ್ಣು. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಎದೆಹಾಲು ಬಿಡಿಸಲಿಲ್ಲ. ರಾತ್ರಿ ಹೆಂಗಸರ ಜೊತೆ ಒಂದೇ ಸೂರಿನಡಿ ಮಲಗುತ್ತಿದ್ದ ಹಂದಿಗಳಿಗೆ, ಅವುಗಳ ಕೊಳೆ ಕೂಸಿನ ಬಾಯಿಗೆ ಹೋಗದಿರಲೆಂದು, ಕೌಪಾ ಬೇರೆ ದೊಡ್ಡಿ ಕಟ್ಟಿದ. ನೀರು, ಸೌದೆ ಹೊರುವುದು ಮತ್ತಿಯಾಸನ ಪಾಲಿಗೆ ಬಂತು, ಕ್ಲೊಟಿಲ್ಡಾಳಿಗೆ ಮಗುವಿಗೆಂದು ಕೂರಲು ಹೊತ್ತು ಸಿಗಲೆಂದು. ಮಧ್ಯಾಹ್ನದ ಊಟ ತಿನ್ನಿಸುವುದು ಮಾತ್ರ ಕೌಪಾನದೇ. ಮೊದಲು ಕೈ ತೊಳೆಯಬೇಕು, ತನ್ನದೂ ಕೂಸಿನದೂ. ಆಮೇಲೆ ತೊಡೆಯ ಮೇಲೆ ಕೂರಿಸಿಕೊಂಡು ಚಮಚ ಹಿಡಿದು, ಪಾಲು ಹಂಚುವ ಅದೇ ರಾಗದಲ್ಲಿ ಕೂಗುತ್ತಿದ್ದ: “ಇದು ಕಂಬಾಗ್ಲದ ಜೋಯ್ಲಿನ್‌ಗೆ!” ಕೂಸು ಬಾಯಿ ತೆರೆಯುತ್ತಿತ್ತು. “ಇದು ಮತ್ತಿಯಾಸನ ಮಗಳಿಗೆ!” ಮತ್ತೆ ತೆರೆಯುತ್ತಿತ್ತು.

ದಾರಿಯಲ್ಲಿ ಹೋಗುವ ಗಂಡಸರಿಗೆ ಅದೊಂದು ತಮಾಷೆಯಾಯಿತು.

“ಏನೋ ಕೌಪಾ, ಹೆಂಡ್ತಿ ಲಂಗ ಹಾಕ್ಕೊಳ್ಳೋದು ಯಾವಾಗ?”

“ನಿನ್ನ ಹೆಂಡ್ತಿದು ಕೊಡು, ನಿನ್ನ ಪ್ಯಾಂಟು ಹೆಂಗೂ ಅವಳೇ ಹಾಕ್ಕೊಂಡಿದ್ದಾಳಲ್ಲ,” ಎಂದು ಕೌಪಾ ಚಮಚ ಇಳಿಸದೆ ಉತ್ತರಿಸುತ್ತಿದ್ದ.

ನಾಲ್ಕು ತಿಂಗಳಲ್ಲಿ ಜೋಯ್ಲಿನ್ ಅಂಗಳ ದಾಟಿ ಓಡಿದಳು. ಚುಕ್ಕೆ ಗೆರೆಯನ್ನು ಮುಟ್ಟಲಿಲ್ಲ, ಆದರೆ ಮೇಲಕ್ಕೆ ಮುಖ ಮಾಡಿತು. ಸಿಸ್ಟರ್ ಹೆನ್ರಿಕಾ ಪುಸ್ತಕ ತೋರಿಸಿದಾಗ ಕೌಪಾ ಹಳೆಯ ಚುಕ್ಕೆಯಿಂದ ಹೊಸ ಚುಕ್ಕೆಗೆ ಎಳೆದ ಗೆರೆಯ ಮೇಲೆ ಬೆರಳಾಡಿಸಿದ. ಓದು ಬಾರದ ಅವನಿಗೂ ಆ ಗೆರೆ ಅರ್ಥವಾಯಿತು.

ಮರುವರ್ಷ ಚರ್ಚಿಗೆ ಹೊಸ ತಗಡಿನ ಮಾಡು ಹಾಕಿದರು. ಆ ಸಂಭ್ರಮಕ್ಕೆ ಹದಿನಾಲ್ಕು ಹಂದಿ. ಹೊಳೆಯಾಚೆಯ ಕುಲಗಳೂ ಬರುವವರಿದ್ದರು. ಎರಡು ದಿನ ಮುಂಚೆ ಕೌಪಾ ಜಗಲಿಗೆ ಹೋಗಿ ಹೆನ್ರಿಕಾಳನ್ನು ಕೇಳಿದ:

“ಸಿಸ್ಟರ್, ಹಂದಿ ಈಲಿ, ಅದೇ ಲಿವರ್ರು, ಕೊಡಬಹುದಾ ಕೂಸುಗಳಿಗೆ?”

“ಆರು ತಿಂಗಳು ದಾಟಿದವಕ್ಕೆ ಕೊಡಬಹುದು. ಅದಕ್ಕಿಂತ ಒಳ್ಳೇದು ಯಾವುದಿದೆ? ಆದರೆ ಅವತ್ತೇ ಕಡಿದದ್ದು, ಒಳಗೆ ಕೆಂಪು ಉಳೀದ ಹಾಗೆ ಬೇಯಿಸಿದ್ದು, ಹೆಬ್ಬೆರಳಿನಷ್ಟು. ಹಿಚುಕಿ ಕೊಡಬೇಕು. ಉಳಿಸಿ ನಾಳೆ ಕೊಡೋ ಹಾಗಿಲ್ಲ. ಎಷ್ಟು ಕೂಸುಗಳಿದ್ದಾವೆ?”

“ಆರು ತಿಂಗಳು ದಾಟಿದ, ಎರಡು ವರ್ಷದ ಒಳಗಿನವು ಹನ್ನೊಂದು. ಎಲ್ಲಾ ಹೆಸರೂ ಗೊತ್ತು ನಂಗೆ.”

ಆ ಹನ್ನೊಂದರ ಮನೆಗಳಲ್ಲೂ ಹೋದ ವರ್ಷದಿಂದ ಮೊಟ್ಟೆ, ಹುರಳಿಕಾಯಿ ಶುರುವಾಗಿತ್ತು. ಬಿಬಿಯಾನಾ ಮತ್ತು ಕ್ಲೊಟಿಲ್ಡಾ ಒಲೆಯಿಂದ ಒಲೆಗೆ ಹೋಗಿ ತೋರಿಸಿಕೊಟ್ಟಿದ್ದರು. ಆದರೂ ಈಲಿ ಎಂದರೆ ಹಿರಿಯರ ಪಾಲು. ತಾತ ಮುತ್ತಾತರ ಕಾಲದಿಂದಲೂ ಮೊದಲ ಕೂಗು ಅವರಿಗೇ.

ಹಬ್ಬದ ದಿನ ಹಂದಿ ಕಡಿದ ತಕ್ಷಣ ಕೌಪಾ ಎರಡು ಈಲಿಗಳನ್ನು ಎತ್ತಿ ಬಿಬಿಯಾನಾಳ ಕೈಗೆ ಕೊಟ್ಟ. ಅವಳು ಅವನ್ನು ಬಿದಿರಿನ ಕೊಳವೆಗೆ ತುಂಬಿ ಬೆಂಕಿಗೆ ಹಿಡಿದಳು. ಗುಂಡಿ ತೆರೆಯುವ ಹೊತ್ತಿಗೆ ಈಲಿ ಬೆಂದು, ಹನ್ನೊಂದು ಎಲೆಗಳ ಮೇಲೆ ಪುಟ್ಟ ಪುಟ್ಟ ಚೂರುಗಳಾಗಿತ್ತು. ಕೌಪಾ ಕೊರಡು ಹತ್ತಿದ. ಮೈದಾನದ ತುಂಬ ಜನ. ಮೊದಲ ಎಲೆ ಎತ್ತಿದ.

“ಸ್ಕೊಲಾಸ್ತಿಕಾಳ ಮಗ ಲೂಕಾಸ್! ಒಂಬತ್ತು ತಿಂಗಳು! ಈಲಿ!”

ಯಾರಿಗೂ ಅರ್ಥವಾಗಲಿಲ್ಲ. ಅದೇ ಹೆಸರಿನ ದೊಡ್ಡ ಲೂಕಾಸ್ ಒಬ್ಬ ತನ್ನನ್ನೇ ಕರೆದರೆಂದುಕೊಂಡು ಎದ್ದು ಬಂದ, ನಾಚಿ ವಾಪಸು ಹೋದ. ಎರಡನೆಯ ಹೆಸರು, ಮೂರನೆಯ ಹೆಸರು ಬಂದಾಗ ಗುಜುಗುಜು ಎದ್ದಿತು. ನಾಲ್ಕನೆಯದಕ್ಕೆ ಊರಿನ ಹಿರಿತಲೆ ಯೊಬಾಯ್ ಕೋಲು ಊರಿಕೊಂಡು ಎದ್ದು ನಿಂತ.

“ಲೋ ಕೌಪಾ! ಹಲ್ಲಿಲ್ಲದ ಕೂಸುಗಳಿಗೆ ಈಲಿ, ನಂಗೇನು ಮೂಳೆನಾ?”

“ನಿಂಗೂ ಹಲ್ಲಿಲ್ಲ ಮಾವ. ಅದಕ್ಕೆ ನಿಂಗೂ ಮೆತ್ತಗಿನ ಚೂರೇ ಇಟ್ಟಿದ್ದೀನಿ. ಕೂಸುಗಳಾದ್ಮೇಲೆ ನಿಂದೇ ಹೆಸರು.”

ಹೊಳೆಯಾಚೆಯ ಜನ ಗೊಳ್ಳೆಂದು ನಕ್ಕರು. ಯೊಬಾಯ್ ನಗಲಿಲ್ಲ. “ನಿನ್ನ ತಮ್ಮನ್ನ ಮರ್ತ್ಯಾ? ಹನ್ನೊಂದು ಕೂಸು ಹೋದ್ರೆ ಯಾರು ಜವಾಬ್ದಾರಿ?”

ಕೌಪಾ ಕೈಯಲ್ಲಿದ್ದ ಎಲೆಯನ್ನು ಕೆಳಗಿಳಿಸಿದ.

“ನಾನು,” ಎಂದ. “ಮರೆತಿಲ್ಲ ಮಾವ. ಅವನು ಹೋದ ಅಂತ ಭಯಪಟ್ಟು ಇಷ್ಟು ವರ್ಷ ಕೂಸುಗಳ ಪಾಲು ಕಿತ್ಕೊಂಡೆ ನಾನು. ತುರುಕಿ ಕೊಂದಿದ್ದು ತಪ್ಪು, ಏನೂ ಕೊಡದೆ ಸೊರಗಿಸಿದ್ದೂ ತಪ್ಪೇ. ನನ್ನ ನೋಡು, ನನ್ನ ತಂಗಿ ಆಗಾತಾನ್ನ ನೋಡು, ಅಲ್ಲೇ ನಿಂತಿದ್ದಾಳೆ. ಒಂದೇ ಹೊಟ್ಟೆಯವರು ನಾವು. ಅವಳಿಗೆ ದಿನಾ ಪಾಲು ಸಿಕ್ತು, ನಂಗೆ ಸಿಗ್ಲಿಲ್ಲ.”

ಆಗಾತಾ ಜನರ ನಡುವೆ ಬಿದಿರ ಗಳುವಿನ ಹಾಗೆ ನಿಂತಿದ್ದಳು. ಎಲ್ಲರೂ ಅವಳನ್ನೊಮ್ಮೆ, ಕೊರಡಿನ ಮೇಲಿದ್ದ ಇವನನ್ನೊಮ್ಮೆ ನೋಡಿದರು. ಕೌಪಾ ಐದನೆಯ ಹೆಸರು ಕೂಗಿದ. ಅದರ ತಾಯಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಮುಂದೆ ಬಂದು ಎಲೆ ತೆಗೆದುಕೊಂಡಳು. ಹನ್ನೊಂದೂ ಮುಗಿಯಿತು. ಯೊಬಾಯ್ ತನ್ನ ಪಾಲು ಮುಟ್ಟದೆ ಹೊರಟುಹೋದ.

ಆಮೇಲಿನ ಮೂರು ದಿನ ಕೌಪಾನಿಗೆ ಅನ್ನ ನೀರು ಸೇರಲಿಲ್ಲ. ಬೆಳಗಾದರೆ ಸಾಕು, ಹನ್ನೊಂದು ಮನೆ ತಿರುಗುತ್ತಿದ್ದ. ಕೂಸನ್ನು ಎತ್ತಿ ಹೊಟ್ಟೆ ಮುಟ್ಟಿ ನೋಡುವನು. ಮೆತ್ತಗಿದೆಯೇ? ಹಾಲು ಕುಡಿಯಿತೇ? ಬೇಧಿಯೇನಾದರೂ ಆಯಿತೇ? ಸಂಜೆ ಮತ್ತೊಂದು ಸುತ್ತು. ಎರಡನೆಯ ದಿನ ಲೂಕಾಸ್ ಸುಮ್ಮಸುಮ್ಮನೆ ಅತ್ತನೆಂದು ಅವನ ಬಾಗಿಲಲ್ಲೇ ಮಧ್ಯಾಹ್ನವೆಲ್ಲ ಕೂತ. ಕೊನೆಗೆ ಸ್ಕೊಲಾಸ್ತಿಕಾ ರೇಗಿ, “ಹಲ್ಲು ಬರ್ತಿದೆ ಅದಕ್ಕೆ ಅಳ್ತಿದ್ದಾನೆ ಅಣ್ಣಾ, ಮನೆಗೆ ಹೋಗು, ನನ್ನ ಗಂಡ ಏನಾದ್ರೂ ಅಂದ್ಕೊಂಡಾನು,” ಎಂದು ಓಡಿಸಿದಳು.

ಮೂರನೆಯ ದಿನ ಹನ್ನೊಂದನೆಯ ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟ. ಅದು ಕಚಗುಳಿಯಾಗಿ ಕಿಲಕಿಲ ನಕ್ಕು ಅವನ ಗಡ್ಡ ಹಿಡಿದೆಳೆಯಿತು. ಕೌಪಾ ಅಲ್ಲೇ, ಬೇರೆಯವರ ಮನೆಯ ಹೊಸ್ತಿಲಲ್ಲಿ, ಮುಖ ಮುಚ್ಚಿಕೊಂಡು ಅತ್ತ. ಗಾಂಡೆ ಹೋದಾಗ ಅವನು ಅತ್ತಿರಲಿಲ್ಲ. ಮನೆಯವರು ಗಾಬರಿಯಾದರು. “ಏನಿಲ್ಲಮ್ಮ, ಸಂತೋಷಕ್ಕೆ,” ಎಂದು ಎದ್ದು ಬಂದ. ಮನೆಗೆ ಬಂದು ಮೂರು ದಿನದ ಹಸಿವನ್ನೆಲ್ಲ ಒಂದೇ ಸಲಕ್ಕೆ ತೀರಿಸಿಕೊಂಡ.

ಯೊಬಾಯ್ ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಅವನ ಮರಿಮಗಳಿಗೆ ಆರು ತಿಂಗಳು ತುಂಬಿದ ದಿನ, ತಾನೇ ಕೋಲೂರಿಕೊಂಡು ಬಂದು, “ನಿನ್ನ ಹೆಂಡ್ತೀನ ಕಳಿಸು. ನಮ್ಮ ಹೆಣ್ಮಕ್ಕಳಿಗೆ ಆ ಮೊಟ್ಟೆ ಹಿಚುಕೋದು ಸರಿಯಾಗಿ ಬರಲ್ಲ,” ಎಂದ. ಕ್ಷಮೆ ಎಂದರೆ ಆ ದಿಣ್ಣೆಯಲ್ಲಿ ಇಷ್ಟೇ. ಕೌಪಾನಿಗೆ ಅಷ್ಟು ಸಾಕಾಗಿತ್ತು.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಜೋಯ್ಲಿನ್ ಕೊನೆಗೂ ಎತ್ತರವಾಗಲಿಲ್ಲ. ಕಳೆದುಹೋದ ತಿಂಗಳುಗಳು ಪೂರ್ತಿ ವಾಪಸು ಬರುವುದಿಲ್ಲವೆಂದು ಹೆನ್ರಿಕಾ ಮೊದಲೇ ಹೇಳಿದ್ದಳು. ಶಾಲೆಯ ಸಾಲಿನಲ್ಲಿ ಅವಳೇ ಮುಂದೆ ನಿಲ್ಲುತ್ತಾಳೆ. ಮಗ್ಗಿ ಹೇಳುವುದರಲ್ಲೂ ಮುಂದೆಯೇ, ಅದು ಬೇರೆ ಮಾತು. ಅವಳ ತಂಗಿ ಬೆನೆಡಿಕ್ಟಾ ಹೊಟ್ಟೆಯಲ್ಲಿದ್ದಾಗಿನಿಂದಲೇ ಕ್ಲೊಟಿಲ್ಡಾಳ ತಟ್ಟೆಗೆ ಮೊಟ್ಟೆ, ಸೊಪ್ಪು ಬಿದ್ದವು. ಮೂರೂವರೆ ವರ್ಷಕ್ಕೆ ಬೆನೆಡಿಕ್ಟಾ ಅಕ್ಕನ ಕಿವಿಯ ತನಕ ಬಂದಿದ್ದಾಳೆ. ಇಬ್ಬರನ್ನೂ ಒಟ್ಟಿಗೆ ನೋಡಿದಾಗಲೆಲ್ಲ ಕೌಪಾನಿಗೆ ಒಂದು ಕಣ್ಣಲ್ಲಿ ಸಂತೋಷ, ಇನ್ನೊಂದರಲ್ಲಿ ಬೇರೇನೋ. ಒಮ್ಮೆ ಜೋಯ್ಲಿನ್‌ಳನ್ನು ಹತ್ತಿರ ಕರೆದು, “ಬೂಬೂ, ನಿಂಗೆ ನಾನು ತಡವಾಗಿ ಪಾಲು ಕೊಟ್ಟೆ,” ಎಂದ.

“ಪರವಾಗಿಲ್ಲ ಬೂಬೂ, ಈಗ ಕೊಡು,” ಎಂದು ಅವಳು ಅವನ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು ಓಡಿದಳು.

ಹೋದ ವರ್ಷ ಹೆನ್ರಿಕಾಳಿಗೆ ತನ್ನ ದ್ವೀಪಕ್ಕೆ ವರ್ಗವಾಯಿತು. ಬೀಳ್ಕೊಡುವ ದಿನ ಐದು ದಿಣ್ಣೆಗಳ ತಾಯಂದಿರು ಚರ್ಚಿನ ಜಗಲಿಗೆ ಬಂದರು. ಅಪ್ಪಂದಿರೂ ಬಂದಿದ್ದರು. ಅದು ಕೌಪಾನ ಕೆಲಸ. ಎರಡು ವರ್ಷದಿಂದ ತಿಂಗಳಿಗೊಮ್ಮೆ, ತಾಯಂದಿರು ಮಕ್ಕಳನ್ನು ಅಳತೆಗೆ ತಂದಾಗ, ಅವನು ಗಂಡಸರನ್ನು ಒಂದು ಕಡೆ ಕೂರಿಸಿಕೊಂಡು ಮಾತಾಡುತ್ತಿದ್ದ. ಹೆನ್ರಿಕಾ ಎದ್ದು ನಿಂತು, “ಈ ಬೆಟ್ಟದಲ್ಲಿ ನನಗಿಂತ ದೊಡ್ಡ ಮೇಷ್ಟ್ರು ಕೌಪಾ,” ಎಂದಳು. ಜನ ಕೇಕೆ ಹಾಕಿದರು.

ಕೌಪಾ ಎದ್ದ. ಕೊರಡು ತರಲು ಹೊರಟವರನ್ನು ಬೇಡವೆಂದು ತಡೆದ.

“ಸಿಸ್ಟರ್, ನಿಮ್ಮ ಋಣ ನಾವು ತೀರಿಸೋಕಾಗಲ್ಲ. ಎಷ್ಟು ಸಲ ಜಾರಿ ಬಿದ್ರೂ ಮತ್ತೆ ಮತ್ತೆ ಹತ್ತಿ ಬಂದ್ರಿ. ಆದ್ರೆ ಇನ್ನೊಂದು ಮಾತು ಹೇಳಬೇಕು, ಇಷ್ಟು ದಿನ ನುಂಗ್ಕೊಂಡಿದ್ದೆ.” ಅವನು ಹೆಂಗಸರ ಗುಂಪಿನ ಕಡೆ ತಿರುಗಿದ. “ನೀವು ಬರೋಕೂ ಮುಂಚೆ, ನಮ್ಮ ಮತ್ತಿಯಾಸ್ ಚಿಕ್ಕವನಿದ್ದಾಗಲೇ ನನ್ನ ಹೆಂಡ್ತಿ ಹೇಳಿದ್ಲು. ಮಗು ಸೊರಗ್ತಿದೆ, ಒಂದು ಮೊಟ್ಟೆ ಕೊಡೋಣ ಅಂತ. ನಾನು ಕೇಳ್ಲಿಲ್ಲ. ಅಳತೆಹಲಗೆ ಹಿಡ್ಕೊಂಡು ನೀವು ಬಂದು ಹೇಳಿದ್ಮೇಲೆ ಕೇಳಿದೆ. ಬಿಬಿಯಾನಾ, ನಿಂಗೆ ಯಾವತ್ತೂ ಹೇಳಿಲ್ಲ. ಇವತ್ತು ಹೇಳ್ತೀನಿ. ನೀನು ಹೇಳಿದ್ದು ಸರಿಯಾಗಿತ್ತು. ನಿಂಗೆ ನಾನು ಕೈ ಮುಗೀತೀನಿ.”

ಆ ಬೆಟ್ಟಗಳಲ್ಲಿ ಗಂಡ ಹೆಂಡತಿಗೆ ಎಲ್ಲರೆದುರು ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹೆಂಗಸರು ಬಿಬಿಯಾನಾಳನ್ನು ಮೊಣಕೈಯಿಂದ ತಿವಿದರು. ಅವಳು ತಲೆಯಿಂದ ಬೆನ್ನಿಗೆ ಇಳಿಬಿಟ್ಟಿದ್ದ ಹೆಣಿಗೆ ಚೀಲ ಸರಿಮಾಡಿಕೊಂಡು, ಎಲ್ಲೋ ನೋಡುತ್ತ, “ಮೂವತ್ತು ವರ್ಷ ತಡ ಆಯ್ತು. ಆದ್ರೂ ಕಿವಿ ಇದೆ ಅಂತ ಗೊತ್ತಾಯ್ತಲ್ಲ,” ಎಂದಳು. ಕಣ್ಣು ಒರೆಸಿಕೊಂಡಿದ್ದನ್ನು ಮಾತ್ರ ಎಲ್ಲರೂ ನೋಡಿದರು.

ಹೊಸ ನರ್ಸ್ ಬಂದಿದ್ದಾಳೆ, ಬೆಟ್ಟದವಳೇ, ಜಾರುವುದಿಲ್ಲ. ಕೌಪಾ ಈಗಲೂ ತಿಂಗಳಿಗೊಮ್ಮೆ ಗಾಳಿಮರದ ನೆರಳಲ್ಲಿ ಅಪ್ಪಂದಿರ ನಡುವೆ ಕೂರುತ್ತಾನೆ. ಮೊನ್ನೆ ಹೊಳೆಯಾಚೆಯಿಂದ ಒಬ್ಬ ಎಳೆಯ ಗಂಡ ಬಂದಿದ್ದ, ಹೆಂಡತಿಗೆ ಏಳು ತಿಂಗಳು. ಎಲ್ಲ ಕೇಳಿಸಿಕೊಂಡು ಹೊರಡುವಾಗ ಸಂಕೋಚದಿಂದ ತಲೆ ಕೆರೆದುಕೊಳ್ಳುತ್ತ, “ಮಾವ, ಕುಂಬಳದ ಕುಡಿ ಎಷ್ಟು ಹೊತ್ತು ಬೇಯ್ಸಬೇಕು?” ಎಂದು ಕೇಳಿದ. ಕೌಪಾ ಅವನನ್ನು ಮನೆಗೆ ಕರೆದುಕೊಂಡು ಹೋಗಿ, ಒಲೆಯ ಮುಂದೆ ಕೂರಿಸಿ, ಬೇಯಿಸಿಯೇ ತೋರಿಸಿದ.